ವ್ಯಾಧಿಗೆ ಮುನ್ನ ವ್ಯವಸ್ಥೆ: ಪುತ್ತೂರು, ಸುಳ್ಯ, ಕಡಬದ ಮಹಾಜನರಲ್ಲಿ ವಿಜ್ಞಾಪನೆ

ಮುನ್ನೆಚ್ಚರಿಕೆಯ ಮಹತ್ವವನ್ನು ನಮ್ಮ ಅಡಿಕೆ ಬೆಳೆಗಾರನಿಗೆ ಯಾರೂ ಹೇಳಿಕೊಡಬೇಕಾದುದಿಲ್ಲ. ಮಳೆಗಾಲವು ಬಲವಾಗುವುದಕ್ಕೆ ಮುಂಚೆಯೇ ಆತನು ಮೈಲುತುತ್ತು, ಸುಣ್ಣಗಳನ್ನು ತಂದಿರಿಸಿ, ಮರವೇರಬಲ್ಲ ಆಳನ್ನು ಗೊತ್ತುಮಾಡಿ, ಬಿಸಿಲು ಕಂಡ ದಿನ ಗೊನೆಗಳಿಗೆ ಬೋರ್ಡೋ ಮದ್ದು ಬಿಡಿಸುತ್ತಾನೆ. ನಲವತ್ತು ನಲವತ್ತೈದು ದಿನ ಕಳೆಯಲು ಮತ್ತೊಮ್ಮೆ ಬಿಡಿಸುತ್ತಾನೆ. ಕೊಳೆರೋಗ ತಗಲಿ ಕಾಯಿಗಳು ನೆಲಕ್ಕುದುರಲಾರಂಭಿಸಿದ ಮೇಲೆ ಮದ್ದನ್ನರಸಿ ಪೇಟೆಗೆ ಓಡುವವನನ್ನು ಊರೇ ನೋಡಿ ನಗುವುದು. ಮರದ ಮೇಲಣ ಕಾಯಿಗೆ ತೋರುವ ಈ ವಿವೇಕವನ್ನು ಮನೆಯೊಳಗಣ ಮನುಷ್ಯನ ವಿಷಯದಲ್ಲಿಯೂ ನಾವು ತೋರುತ್ತಿರುವೆವೆ? ಇದೇ ಇಂದು ನಾವು ಮಹಾಜನರ ಮುಂದಿಡುವ ಪ್ರಶ್ನೆ.

ಇನ್‌ಫ್ಲುಯೆಂಜಾ ಜ್ವರವು ನಮಗೆ ಹೊಸತಲ್ಲ. ಮಳೆಗಾಲದಲ್ಲಿಯೂ ಚಳಿಯ ಕೊನೆಗೂ ಅದು ಬಂದು ಹೋಗುವುದು ವಾಡಿಕೆಯೇ. ಆದರೆ ಅದರ ವೈರಾಣುವು ರೂಪ ಬದಲಿಸಿ, ಯಾರ ದೇಹಕ್ಕೂ ಗುರುತಿಲ್ಲದ ವೇಷದಿಂದ ಬಂದಾಗ ಅದೇ ಮಹಾಮಾರಿಯಾಗುವುದು. 1918, 1957, 1968, 2009 ಹೀಗೆ ನಾಲ್ಕು ಸಲ ಅದು ಜಗತ್ತನ್ನು ಸುತ್ತಿತು. ಐದನೆಯ ಸಲ ಬರುವುದೆಂಬುದರಲ್ಲಿ ಬಲ್ಲವರಿಗೆ ಸಂಶಯವಿಲ್ಲ. ಎಂದು ಬರುವುದೆಂಬುದನ್ನು ಮಾತ್ರ ಯಾರೂ ಹೇಳಲಾರರು.

1918ರ ಜೂನ್ ತಿಂಗಳಲ್ಲಿ ಮುಂಬಯಿಯಲ್ಲಿ ತಲೆದೋರಿದ ಆ ಜ್ವರವು ಮೊದಲು ಸೌಮ್ಯವಾಗಿಯೇ ಇದ್ದಿತು. ಸೆಪ್ಟೆಂಬರಿನಲ್ಲಿ ಮರಳಿ ಬಂದಾಗ ಅದು ಮೃತ್ಯುರೂಪವನ್ನು ತಾಳಿತ್ತು. ರೈಲು ಹೋದಲ್ಲೆಲ್ಲ ರೋಗವೂ ಹೋಯಿತು. ಆ ವರ್ಷ ಮುಂಗಾರು ಕೈಕೊಟ್ಟು ಧಾನ್ಯದ ಬೆಲೆ ಗಗನಕ್ಕೇರಿದ್ದಿತು; ಹಸಿದ ಹೊಟ್ಟೆಯ ಮೇಲೆ ಜ್ವರವು ಎರಗಿತು. ಹಿಂದುಸ್ಥಾನದಲ್ಲಿ ಮಡಿದವರ ಅಂದಾಜು 1 ಕೋಟಿ 20 ಲಕ್ಷದಿಂದ 2 ಕೋಟಿಯ ವರೆಗೆ ಇರುವುದು. ಇಂದಿನ ಭಾರತದ ಎಲ್ಲೆಯೊಳಗಿನ ಜನಸಂಖ್ಯೆಯು 1911ರಲ್ಲಿದ್ದುದಕ್ಕಿಂತ 1921ರಲ್ಲಿ ಕಡಿಮೆಯಾಯಿತು. ಜನಗಣತಿಯ ಚರಿತ್ರೆಯಲ್ಲಿ ಹಾಗಾದ ದಶಕ ಅದೊಂದೇ.

ಸತ್ತವರಲ್ಲಿ ಬಹುಮಂದಿ ಇಪ್ಪತ್ತರಿಂದ ನಲವತ್ತರ ಪ್ರಾಯದವರು. ನಮ್ಮ ದೇಶದಲ್ಲಿ ಗಂಡಸರಿಗಿಂತ ಹೆಂಗಸರೇ ಹೆಚ್ಚು. ರೋಗಿಯ ತಲೆದೆಸೆಯಲ್ಲಿ ಕುಳಿತವಳು ತಾನೇ ರೋಗಿಯಾದಳು. ಆಕೆಗೆ ನೀರು ಕೊಡುವವರಿಲ್ಲವಾಯಿತು. ಅಂದು ಆ ಜ್ವರಕ್ಕೆ ಔಷಧವೇ ಇರಲಿಲ್ಲವೆಂಬುದು ನಿಜ. ಆದರೆ ಗಂಜಿ ನೀರಿಗೂ ಶುಶ್ರೂಷೆಗೂ ಗತಿಯಿಲ್ಲದೆ ಹೋದ ಜೀವಗಳ ಮಾತೇನು? ಈ ಗುಟ್ಟನ್ನರಿತವರು ಅಂದೂ ಇದ್ದರು. ಬೆಂಗಳೂರಿನಲ್ಲಿ ಸ್ವಯಂಸೇವಕರ ತಂಡಗಳು ಮನೆಮನೆಗೆ ಹೋಗಿ ಔಷಧ, ಗಂಜಿಗಳನ್ನು ಹಂಚಿದವು. ಸೂರತ್ ಜಿಲ್ಲೆಯಲ್ಲಿ ಕಲ್ಯಾಣಜಿ, ಕುಂವರಜಿ ಮೆಹತಾ ಸೋದರರೂ ದಯಾಳಜಿ ದೇಸಾಯಿಯವರೂ ತರುಣರನ್ನು ಕೂಡಿಸಿ ಹಳ್ಳಿಗಳಿಗೆ ಔಷಧವನ್ನು ಮುಟ್ಟಿಸಿದರು. ಮುಂದೆ 1928ರ ಬಾರ್ಡೋಲಿ ಸತ್ಯಾಗ್ರಹದ ಕಾರ್ಯಕರ್ತರಲ್ಲಿ ಮೆಹತಾ ಸೋದರರನ್ನು ನಾವು ಕಾಣುವೆವು. ರೋಗಿಯ ಮನೆಯ ಬಾಗಿಲಲ್ಲಿ ಕಲಿತ ಸಂಘಟನೆಯು ವ್ಯರ್ಥವಾಗದು.

ಇನ್ನು ನಾವೇ ಕಣ್ಣಾರೆ ಕಂಡ ಕಾಲಕ್ಕೆ ಬರೋಣ. 2020ರ ಮಾರ್ಚ್ ಕೊನೆಯಲ್ಲಿ ಕೋವಿಡ್ ಭೀತಿಯಿಂದ ದೇಶವೇ ಬಾಗಿಲು ಹಾಕಿಕೊಂಡಿತು. ತಲಪಾಡಿಯಲ್ಲಿ ಮಾತ್ರವಲ್ಲ, ನಮ್ಮ ತಾಲೂಕುಗಳಿಂದ ಕಾಸರಗೋಡಿಗೆ ಹೋಗುವ ಒಳದಾರಿಗಳಲ್ಲಿಯೂ ಮಣ್ಣು ಸುರಿಯಲಾಯಿತು. ಕನ್ನಡ, ತುಳು, ಮಲೆಯಾಳ ಮಾತನಾಡುತ್ತ ತಲೆಮಾರುಗಳಿಂದ ಕೊಳುಕೊಡೆ ನಡೆಸಿದ ನೆರೆಯವರು ಒಂದು ರಾತ್ರಿಯಲ್ಲಿ ಪರಸ್ಥಳದವರಾದರು. ಮಂಗಳೂರಿನ ಆಸ್ಪತ್ರೆಗಳಿಗೆ ಬರಲಾರದೆ ಆಚೆಯ ರೋಗಿಗಳು ಮೃತರಾದ ವಾರ್ತೆಯನ್ನು ಓದಿದೆವು. ವಿವಾದವು ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಎಂದೂ ತೆರೆದಿರುವುದೆಂದು ನಂಬಿದ ದಾರಿಯು ವ್ಯಾಧಿಯ ಕಾಲದಲ್ಲಿ ಮುಚ್ಚಬಹುದೆಂಬ ಈ ಪಾಠವು ಆಚೆಯವರಿಗೆ ಮಾತ್ರವೇ? ಪುತ್ತೂರಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರು. ಸುಳ್ಯದಿಂದ 80ಕ್ಕೂ ಮಿಗಿಲು. 2018ರ ಆಗಸ್ಟಿನಲ್ಲಿ ಜೋಡುಪಾಲದ ಗುಡ್ಡ ಕುಸಿದಾಗ ಸಂಪಾಜೆ ಘಾಟಿಯೂ, ಅದೇ ಮಳೆಯಲ್ಲಿ ಶಿರಾಡಿ ಘಾಟಿಯೂ ಮುಚ್ಚಿಹೋದುದನ್ನು ಯಾರು ಮರೆತಿರುವರು? ಅಂಥ ಮಳೆಯೂ ಅಂಥ ಜ್ವರವೂ ಒಟ್ಟಿಗೇ ಬಂದರೆ ಗತಿಯೇನು?

ನಮ್ಮ ಊರುಗಳ ರಚನೆಯನ್ನೂ ಇಲ್ಲಿ ನೆನೆಯಬೇಕು. ಬಯಲುಸೀಮೆಯಂತೆ ಮನೆಗೆ ಮನೆ ತಾಗಿದ ಬೀದಿಗಳು ಇಲ್ಲಿಲ್ಲ. ಗುಡ್ಡದ ಬುಡದಲ್ಲೊಂದು, ತೋಟದ ಅಂಚಿನಲ್ಲೊಂದು, ತೋಡಿನ ಆಚೆಗೊಂದು, ಹೀಗೆ ಮನೆಗಳು ಚದರಿಕೊಂಡಿವೆ. ಇದರಿಂದ ರೋಗ ಹರಡುವುದು ತುಸು ನಿಧಾನವಾದೀತು; ಆದರೆ ಒಂದು ಮನೆಯವರೆಲ್ಲರೂ ಮಲಗಿದರೆಂಬುದು ನೆರೆಮನೆಗೆ ತಿಳಿಯುವುದೂ ಅಷ್ಟೇ ನಿಧಾನ. ಮಕ್ಕಳು ಬೆಂಗಳೂರಿಗೋ ಪರದೇಶಕ್ಕೋ ಹೋಗಿ, ಎಪ್ಪತ್ತು ದಾಟಿದ ದಂಪತಿಗಳಿಬ್ಬರೇ ಉಳಿದಿರುವ ಮನೆಗಳು ಯಾವ ಗ್ರಾಮದಲ್ಲಿಲ್ಲ? ಆಟಿ ತಿಂಗಳ ಮಳೆಗೆ ವಿದ್ಯುತ್ತು ಹೋಗಿ ಮೊಬೈಲೂ ಮೂಕವಾದ ದಿನ ಆ ಮನೆಯ ಒಲೆ ಉರಿಯಿತೆ ಇಲ್ಲವೆ ಎಂಬುದನ್ನು ನೋಡುವವರಾರು? ನಮ್ಮ ದೃಷ್ಟಿಯಲ್ಲಿ ಎಲ್ಲ ಸಿದ್ಧತೆಯ ಬೀಜವೂ ಈ ಒಂದು ಪ್ರಶ್ನೆಯಲ್ಲಿದೆ.

ಹೊಸ ವೈರಾಣುವಿಗೆ ತಕ್ಕ ಲಸಿಕೆ ಸಿದ್ಧವಾಗಲು ಐದಾರು ತಿಂಗಳು ಬೇಕು. ಹಳ್ಳಿಗೆ ಮುಟ್ಟಲು ಮತ್ತಷ್ಟು ಕಾಲ. ಇತ್ತ ಜ್ವರವಾದರೋ ಸೋಂಕಿದ ಒಂದರಿಂದ ನಾಲ್ಕು ದಿನಗಳಲ್ಲಿ ಪ್ರಕಟವಾಗುತ್ತದೆ. ಪ್ರಕಟವಾಗುವುದಕ್ಕೆ ಒಂದು ದಿನ ಮೊದಲೇ ಇನ್ನೊಬ್ಬರಿಗೆ ಹಬ್ಬಲಾರಂಭಿಸುತ್ತದೆ. ಒಂದು ಪ್ರವಾಹವು ಊರಿಂದ ದಾಟಿಹೋಗಲು ಆರೆಂಟು ವಾರಗಳಾಗಬಹುದು. ಜಿಲ್ಲೆಯ ಎಲ್ಲೆಡೆಯೂ ಏಕಕಾಲಕ್ಕೆ ಜನರು ಮಲಗಿರುವಾಗ ಒಂದು ಊರು ಇನ್ನೊಂದಕ್ಕೆ ನೆರವಾಗುವುದೆಂತು? ಆದುದರಿಂದ ಆ ವಾರಗಳನ್ನು ಪ್ರತಿಯೊಂದು ಗ್ರಾಮವೂ ತನ್ನ ಬಲದಿಂದಲೇ ದಾಟಬೇಕಾಗುವುದು.

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯದಾಗಿ, ಇಪ್ಪತ್ತು ಮನೆಗಳಿಗೊಂದರಂತೆ ಗುಂಪು ಮಾಡಿ, ಪ್ರತಿ ಗುಂಪಿಗೂ ಇಬ್ಬರನ್ನು ಈಗಲೇ ಗೊತ್ತುಮಾಡಬೇಕು. ಒಬ್ಬರು ಮಲಗಿದರೆ ಇನ್ನೊಬ್ಬರಿರಬೇಕು. ಒಂಟಿ ವೃದ್ಧರು, ಗರ್ಭಿಣಿಯರು, ಎಳೆಯ ಮಕ್ಕಳು, ಮಧುಮೇಹ, ಉಬ್ಬಸ, ಹೃದ್ರೋಗವುಳ್ಳವರು ಯಾವ ಯಾವ ಮನೆಯಲ್ಲಿರುವರೆಂಬ ಪಟ್ಟಿಯು ಆಶಾ ಕಾರ್ಯಕರ್ತೆಯ ಬಳಿ ಸಿದ್ಧವಿರಬೇಕು. ಗೇರುತೋಟಗಳ ಮೇಲೆ ವಿಮಾನದಿಂದ ಸುರಿದ ಎಂಡೋಸಲ್ಫಾನ್‌ಗೆ ತುತ್ತಾಗಿ ಹಾಸಿಗೆ ಬಿಟ್ಟೇಳಲಾರದವರು ನಮ್ಮ ನಡುವೆ ಇದ್ದಾರೆ. ಅಂಥವರ ತಾಯಿಯೇ ಜ್ವರದಿಂದ ಮಲಗಿದರೆ ತುತ್ತು ಉಣ್ಣಿಸುವವರಾರೆಂಬುದನ್ನು ಹೆಸರು ಹಿಡಿದು ನಿರ್ಣಯಿಸಿರಬೇಕು.

ಎರಡನೆಯದು ವಿಚಾರಣೆಯ ಕ್ರಮ. ಸ್ವಯಂಸೇವಕನು ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಅಂಗಳದಲ್ಲಿ ನಿಂತೇ ವಿಚಾರಿಸತಕ್ಕದ್ದು: ಉಸಿರಾಟ ಹೇಗಿದೆ? ನೀರು, ಗಂಜಿ ಒಳಗೆ ಹೋಗುತ್ತಿದೆಯೆ? ಏದುಸಿರು, ಎದೆನೋವು, ತುಟಿ ನೀಲಿಗಟ್ಟುವುದು, ಮಾತು ತೊದಲಿ ಮಂಕಾಗುವುದು, ಇಳಿದ ಜ್ವರ ಮತ್ತೆ ಏರುವುದು, ಇವು ಆಸ್ಪತ್ರೆಗೆ ಒಯ್ಯಬೇಕಾದ ಲಕ್ಷಣಗಳು. ಫ್ಲೂವಿಗೆ ವೈದ್ಯರು ಕೊಡುವ ಔಷಧವು ಮೊದಲ 48 ಗಂಟೆಗಳೊಳಗೆ ಆರಂಭಿಸಿದರೆ ಹೆಚ್ಚು ಗುಣ. ಆದುದರಿಂದ ಬೇನೆಯವರನ್ನು ನಾಳೆ ನೋಡೋಣವೆಂದು ಬಿಡಲಾಗದು. ಮಕ್ಕಳಿಗೆ ಆಸ್ಪಿರಿನ್ ಮಾತ್ರೆಯನ್ನು ಮನೆಮದ್ದಾಗಿ ಕೊಡಲೇಬಾರದು. 108ರ ವಾಹನವು ಬೇರೆಡೆಗೆ ಹೋಗಿದ್ದರೆ ಯಾರ ಜೀಪು ಹೊರಡಬೇಕು, ಯಾರು ಚಾಲಕರು ಎಂಬುದನ್ನೂ ಬರೆದಿಟ್ಟಿರಬೇಕು.

ಮೂರನೆಯದು ಅನ್ನ. ಇದಕ್ಕೆ ಬೇಕಾದ ಸಂಸ್ಥೆಗಳು ನಮ್ಮಲ್ಲಿ ಆಗಲೇ ಇವೆ. ಈ ಜಿಲ್ಲೆಯಲ್ಲಿ ಸಹಕಾರದ ಬೀಜ ಬಿತ್ತಿದ ಮೊಳಹಳ್ಳಿ ಶಿವರಾಯರ ಕರ್ಮಭೂಮಿಯೇ ಪುತ್ತೂರು. ಅವರ ಕಾಲದಿಂದ ಬೆಳೆದುಬಂದ ಸಹಕಾರಿ ಸಂಘಗಳೂ ಹಾಲು ಉತ್ಪಾದಕರ ಸಂಘಗಳೂ ಇಂದು ಹಳ್ಳಿಹಳ್ಳಿಯನ್ನು ಮುಟ್ಟಿವೆ. ಅಕ್ಕಿ, ಬೇಳೆ, ಉಪ್ಪು, ಸಕ್ಕರೆಗಳನ್ನು ಎರಡು ತಿಂಗಳ ಮಟ್ಟಿಗೆ ದಾಸ್ತಾನಿಡಲು ಸಹಕಾರಿ ಸಂಘದ ಗೋದಾಮಿಗಿಂತ ತಕ್ಕ ಸ್ಥಳವೆಲ್ಲಿ? ದಿನವೂ ಬೆಳಗ್ಗೆ ಹಾಲು ಕೊಡಲು ಬರುವವನೇ ಇಂದು ಯಾವ ಮನೆಯವರು ಬರಲಿಲ್ಲವೆಂಬುದನ್ನು ಮೊದಲು ಬಲ್ಲವನು. ಮಳೆಗಾಲಕ್ಕೆಂದು ಹಪ್ಪಳ, ಉಪ್ಪುಸೊಳೆ, ಒಣಸೌದೆ ಕೂಡಿಡುತ್ತಿದ್ದ ನಮ್ಮ ಅಜ್ಜಿಯರಿಗೆ ಈ ಮಾತು ಹೊಸದೆನಿಸದು.

ನಾಲ್ಕನೆಯದು ಮಾತು. ತಿಳಿವಳಿಕೆಯ ಪತ್ರಿಕೆಯನ್ನು ಕನ್ನಡದಲ್ಲಿ ಮಾತ್ರ ಅಚ್ಚುಮಾಡಿಸಿ ಕೈತೊಳೆದುಕೊಂಡರೆ ಸಾಲದು. ತುಳು, ಅರೆಭಾಷೆ, ಬ್ಯಾರಿ, ಮಲೆಯಾಳ, ಕೊಂಕಣಿಗಳಲ್ಲಿ ಬಾಯಿಮಾತಿನ ಪ್ರಚಾರವೂ ಆಗಬೇಕು. 1964ರ ಒಪ್ಪಂದದ ಮೇರೆಗೆ ಸಿಂಹಳದಿಂದ ಬಂದು ಸುಳ್ಯ, ಪುತ್ತೂರು ಸೀಮೆಯ ರಬ್ಬರ್ ತೋಟಗಳಲ್ಲಿ ನೆಲೆಸಿದ ಕುಟುಂಬಗಳಿಗೆ ತಮಿಳಿನಲ್ಲಿ ಹೇಳುವವರಿರಬೇಕು.

ಐದನೆಯದು ಜನಸಂದಣಿ. ಪುತ್ತೂರು ಮಹಾಲಿಂಗೇಶ್ವರನ ಏಪ್ರಿಲ್ ಜಾತ್ರೆ, ಕುಕ್ಕೆಯ ಚಂಪಾಷಷ್ಠಿ, ಊರೂರಿನ ನೇಮ, ಉರೂಸ್, ಚರ್ಚಿನ ಹಬ್ಬಗಳಿಗೆ ಸಾವಿರಾರು ಮಂದಿ ಕೂಡುತ್ತಾರೆ. ಯಾವ ಸ್ಥಿತಿಯಲ್ಲಿ ಸಂಪ್ರದಾಯವಷ್ಟನ್ನೇ ನಡೆಯಿಸಿ ಜನರನ್ನು ತಡೆಯಬೇಕೆಂಬುದನ್ನು ಆಡಳಿತ ಮಂಡಳಿಗಳು ಸಮಾಧಾನದ ಕಾಲದಲ್ಲಿಯೇ ನಿರ್ಣಯಿಸಿದರೆ ಕೊನೆಯ ಗಳಿಗೆಯ ಮನಸ್ತಾಪಕ್ಕೆಡೆಯಿರದು. ಹಾಗೆಯೇ, ಗೂಡಿನ ಕೋಳಿಗಳು ಕಾರಣವಿಲ್ಲದೆ ಒಟ್ಟಾಗಿ ಸತ್ತರೆ ಬರಿಗೈಯಲ್ಲಿ ಮುಟ್ಟದೆ, ಪದಾರ್ಥವನ್ನೂ ಮಾಡದೆ, ಪಶುವೈದ್ಯರಿಗೆ ತಿಳಿಸತಕ್ಕದ್ದು. ಹಕ್ಕಿಜ್ವರದ ವೈರಾಣುವು 2024ರಲ್ಲಿ ಅಮೆರಿಕದ ಹಾಲಿನ ಹಸುಗಳಿಗೂ ತಗಲಿದ ಮೇಲೆ ಈ ಎಚ್ಚರವು ಅತಿಯೆನ್ನಲಾಗದು.

ಒಂದು ಅಪಾಯವನ್ನು ಮಾತ್ರ ಒತ್ತಿ ಹೇಳಬೇಕಾಗಿದೆ. ಕಾವಲು ಕಾಯುವ ನೆಪದಿಂದ ಊರು ರೋಗಿಯನ್ನೇ ಅಪರಾಧಿಯಂತೆ ಕಾಣತೊಡಗಬಹುದು. ಕೋವಿಡ್ ಕಾಲದಲ್ಲಿ ಮನೆಬಾಗಿಲಿಗೆ ಭಿತ್ತಿಪತ್ರ ಅಂಟಿಸುವ ಪದ್ಧತಿಯಿಂದ ಎಷ್ಟು ಕುಟುಂಬಗಳು ತಲೆತಗ್ಗಿಸಿದವು! 2020ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ಕಡಿವಾಣ ಹಾಕಬೇಕಾಯಿತು. ರೋಗವನ್ನು ಒಂದು ಜಾತಿಗೋ ಮತಕ್ಕೋ ಹೊರಿಸುವ ಮಾತುಗಳನ್ನೂ ಆಗ ಕೇಳಿದೆವು. ದೂಷಣೆಗೆ ಹೆದರಿದವನು ರೋಗವನ್ನು ಮುಚ್ಚಿಡುತ್ತಾನೆ; ಮುಚ್ಚಿಟ್ಟ ರೋಗವು ಊರನ್ನೇ ಸುಡುತ್ತದೆ. ಮನೆಗಳ ಪಟ್ಟಿಯು ಶುಶ್ರೂಷೆಗಿರುವುದೇ ಹೊರತು ಚಾಡಿಗಲ್ಲ.

ಇದೆಲ್ಲವೂ ಸರಕಾರದ ಕೆಲಸವಲ್ಲವೆ ಎಂದು ಕೇಳುವವರಿದ್ದಾರೆ. ಹೌದು, ತಾಲೂಕು ಆಸ್ಪತ್ರೆಗಳಲ್ಲಿ ವೈದ್ಯರು, ಆಮ್ಲಜನಕ, ಔಷಧಗಳಿರಬೇಕಾದುದು ಸರಕಾರದ ಕರ್ತವ್ಯ, ಅದನ್ನು ನಾವು ಬಿಡದೆ ಕೇಳಬೇಕು. ಆಶಾ ಕಾರ್ಯಕರ್ತೆಯರಿಗೆ ಹೊರೆಯನ್ನು ಹೊರಿಸಿ ಗೌರವಧನಕ್ಕೆ ಕಾಯಿಸುವುದು ಅನ್ಯಾಯವೇ ಸರಿ. ಆದರೆ ತೋಡಿನಾಚೆಯ ಮನೆಗೆ ನಡುರಾತ್ರಿ ಗಂಜಿಯೊಯ್ಯಲು ಯಾವ ಸರಕಾರ ಬಂದೀತು? 1989ರಲ್ಲಿ ಸುಳ್ಯದ ಅರಂಬೂರಿನಲ್ಲಿ ಪಯಸ್ವಿನಿಗೆ ಗಿರೀಶ್ ಭಾರದ್ವಾಜರು ತೂಗುಸೇತುವೆ ಕಟ್ಟಿದಾಗ ಊರವರು ಕೈಜೋಡಿಸಿದರು. ಹೊಳೆಯು ತುಂಬಿ ಹರಿಯುವ ದಿನ ಕಟ್ಟೋಣವೆಂದು ಅವರು ಕಾಯಲಿಲ್ಲ.

ಗ್ರಾಮಸಭೆಯು ಶಾಸನವೇ ಕೊಟ್ಟ ವೇದಿಕೆ. ಗ್ರಾಮ ಆರೋಗ್ಯ ಸಮಿತಿಗಳು ಕಾಗದದ ಮೇಲಾದರೂ ಇವೆ. ಬರುವ ಪತ್ತನಾಜೆಗೆ ಮುಂಚೆ ಪ್ರತಿ ಪಂಚಾಯತಿಯೂ ಒಂದು ದಿನವನ್ನು ಇದಕ್ಕಾಗಿ ಮೀಸಲಿಟ್ಟು, ಮನೆಗಳ ಪಟ್ಟಿ, ಸ್ವಯಂಸೇವಕರ ಹೆಸರು, ವಾಹನ, ದಾಸ್ತಾನುಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಲಿ, ವರ್ಷಕ್ಕೊಮ್ಮೆ ತಿದ್ದಲಿ. ಮಹಾಮಾರಿ ಬಾರದಿದ್ದರೆ ನಷ್ಟವೇನು? ಒಂಟಿ ಮನೆಯ ಹಿರಿಯರ ಹೆಸರನ್ನು ಊರು ತಿಳಿದುಕೊಂಡಂತಾಯಿತು. ಬಂದರೆ, ಅವರ ಅಂಗಳದಲ್ಲಿ ನಿಂತು ಕರೆಯುವವರೊಬ್ಬರು ಇದ್ದಾರೆಂಬ ಧೈರ್ಯವಾದರೂ ಉಳಿಯುವುದು. ಮಹಾಜನರು ಇದನ್ನು ಮನಸ್ಸಿಗೆ ತಂದುಕೊಳ್ಳುವರೆಂದು ನಂಬಿರುತ್ತೇವೆ.