ಕಟರ್ ಮೊಂಡಾದರೆ ತಪ್ಪು ಯಾರದು?

ಅಲುಗಾಡುವ ಈಳಿಗೆಮಣೆಯಲ್ಲಿ ಬದನೆಕಾಯಿ ಹೆಚ್ಚಿ ನೋಡಿ. ಅಲಗು ಎಷ್ಟೇ ಹರಿತವಿರಲಿ, ಹೋಳು ಒಂದೇ ಸಮ ಬೀಳುವುದಿಲ್ಲ. ಬೆಂಗಳೂರಿನ ಪೀಣ್ಯದಂಥ ಕಡೆ ಬಾಡಿಗೆ ಶೆಡ್ಡಿನಲ್ಲಿ ಜಾಬ್‌ವರ್ಕ್ ಮಾಡುವವರ ಪಾಡೂ ಎಷ್ಟೋ ಸಲ ಇದೇ. ಬ್ಯಾಂಕ್ ಸಾಲದಲ್ಲಿ ಸಿ.ಎನ್.ಸಿ. ಯಂತ್ರ ಬರುತ್ತದೆ, ದುಬಾರಿ ಕಾರ್ಬೈಡ್ ಕಟರ್ ಬರುತ್ತದೆ. ಇವೆರಡರ ನಡುವೆ ನಿಂತು ಕಟರನ್ನು ಹಿಡಿಯುವ ಹೋಲ್ಡರ್, ಕೊಲೆಟ್‌ಗಳು ಮಾತ್ರ ಹಳೆಯವೇ. ಅಳತೆ ತಪ್ಪಿದ ಮಾಲು ವಾಪಸು ಬಂದಾಗ ಬೈಗುಳ ತಿನ್ನುವುದು ಕಟರ್, ಇಲ್ಲವೇ ಪಾಪದ ಆಪರೇಟರ್.

ಕೊಲೆಟ್ ಎಂದರೆ ಉದ್ದಕ್ಕೂ ಸೀಳು ಬಿಟ್ಟ ಸಣ್ಣ ಉಕ್ಕಿನ ಕೊಳವೆ. ನಟ್ ಬಿಗಿದಂತೆ ಅದು ಕುಗ್ಗಿ ಕಟರಿನ ಬುಡವನ್ನು ಸುತ್ತಲಿಂದ ಅಪ್ಪಿಕೊಳ್ಳುತ್ತದೆ. ಅದು ಸವೆದಿದ್ದರೆ ಅಥವಾ ಸಂದಿಯಲ್ಲಿ ಲೋಹದ ಚೂರೊಂದು ಕುಳಿತಿದ್ದರೆ ಕಟರ್ ತನ್ನ ನಡುವಿನ ಸುತ್ತ ತಿರುಗುವುದಿಲ್ಲ, ತುಸು ಓಲಾಡುತ್ತದೆ. ಇದಕ್ಕೆ ಕಾರ್ಖಾನೆಯ ಹೆಸರು ರನ್‌ಔಟ್. ಕ್ರಿಕೆಟ್ಟಿನದಲ್ಲ, ಆದರೆ ಇಲ್ಲೂ ಒಬ್ಬರ ತಪ್ಪಿಗೆ ಇನ್ನೊಬ್ಬರು ಔಟ್!

ಲೆಕ್ಕ ಸರಳ. ಎರಡು ಹಲ್ಲಿನ ಕಟರಿನ ಪ್ರತಿ ಹಲ್ಲೂ 0.02 ಮಿಲಿಮೀಟರ್ ಲೋಹ ತೆಗೆಯಬೇಕು ಎನ್ನಿ. ಹಲ್ಲುಗಳ ಬಳಿ ರನ್‌ಔಟ್ 0.01 ಮಿ.ಮೀ. ಇದ್ದರೆ ಒಂದು ಹಲ್ಲಿನ ಪಾಲು 0.03ಕ್ಕೆ ಏರಬಹುದು, ಇನ್ನೊಂದರದು 0.01ಕ್ಕೆ ಇಳಿಯಬಹುದು. ಜೋಡಿಯಲ್ಲಿ ಒಂದೇ ಎತ್ತು ನೇಗಿಲು ಎಳೆದಂತೆ. ರನ್‌ಔಟ್ 0.02 ಮುಟ್ಟಿದರಂತೂ ಎರಡನೆಯ ಹಲ್ಲು ಕೊರೆಯುವುದನ್ನೇ ಬಿಟ್ಟು ಬರಿದೆ ಉಜ್ಜುತ್ತದೆ. ಉಜ್ಜಿದರೆ ಶಾಖ, ಶಾಖಕ್ಕೆ ಸವೆತ. ದುಡಿದ ಹಲ್ಲು ಮುರುಕಾಗುತ್ತದೆ, ದುಡಿಯದ್ದೂ ಉಳಿಯುವುದಿಲ್ಲ. ಮಾನವನ ಕೂದಲು ಸುಮಾರು 0.07 ಮಿ.ಮೀ. ದಪ್ಪ, ಇಷ್ಟೆಲ್ಲ ರಾದ್ಧಾಂತ ಅದರ ಮೂರನೆಯ ಒಂದು ಪಾಲಿಗೂ ಕಡಿಮೆಯಲ್ಲಿ. ಡ್ರಿಲ್ ಆದರೆ ರಂಧ್ರವೇ ದೊಡ್ಡದಾಗಿ ಕೂರುತ್ತದೆ.

ಕಟರನ್ನು ಅನಗತ್ಯವಾಗಿ ಹೊರಚಾಚುವುದು ಇನ್ನೊಂದು ಚಾಳಿ. ಹೊರಗುಳಿದ ಉದ್ದ ಎರಡರಷ್ಟಾದರೆ ಅದೇ ಒತ್ತಡಕ್ಕೆ ಬಾಗುವಿಕೆ ಎಂಟರಷ್ಟು. ಗೋಡೆ ಓರೆಯಾಗುವುದು, ಮೇಲ್ಮೈಯಲ್ಲಿ ಅಲೆ ಮೂಡುವುದು, ಯಂತ್ರ ಕಿರುಚುವುದು ಇದರ ಫಲ.

ಬಿಸಿ ಮಾಡಿ ಕಟರ್ ಕೂರಿಸುವ ಶ್ರಿಂಕ್‌ಫಿಟ್ ಹೋಲ್ಡರ್, ಎಣ್ಣೆಯ ಒತ್ತಡದಿಂದ ಹಿಡಿಯುವ ಹೈಡ್ರಾಲಿಕ್ ಹೋಲ್ಡರ್‌ಗಳೂ ಇವೆ. ಹಿಡಿತ ಸೊಗಸು, ಬೆಲೆಯೂ ಅಷ್ಟೇ. ಸಣ್ಣವರ ಹೆಚ್ಚಿನ ಕೆಲಸಕ್ಕೆ ಒಳ್ಳೆಯ ಕೊಲೆಟ್ ಸಾಕು. ಆದರೆ ಅದೂ ಸವೆದು ತೀರುವ ವಸ್ತು ಎಂಬ ನೆನಪಿರಬೇಕು. ಕೊಲೆಟನ್ನು ಮೊದಲು ನಟ್ಟಿಗೆ ಕ್ಲಿಕ್ಕೆನ್ನುವಂತೆ ಸೇರಿಸಿ ಆಮೇಲೆ ಹೋಲ್ಡರಿಗೆ ಇಳಿಸಬೇಕು. ಅವಸರದಲ್ಲಿ ನೇರ ತುರುಕಿದರೆ ಅದು ಓರೆಯಾಗಿ ಕೂರುತ್ತದೆ.

ತಪ್ಪು ಯಾರದೆಂದು ತಿಳಿಯಲು ಒಂದು ಡಯಲ್ ಗೇಜ್ ಸಾಕು. ಮೊದಲು ಸ್ಪಿಂಡಲಿನ ಒಳಮೈ ಒರೆಸಿ ಅಲ್ಲಿಗೆ ಗೇಜ್ ಹಿಡಿದು ನಿಧಾನ ತಿರುಗಿಸಬೇಕು. ಮುಳ್ಳು ಕದಲದಿದ್ದರೆ ಯಂತ್ರ ನಿರ್ದೋಷಿ. ಆಮೇಲೆ ಹೋಲ್ಡರಿನಲ್ಲಿ ನೇರವಾದ ಪಿನ್ ಸಿಕ್ಕಿಸಿ ಮತ್ತೆ ನೋಡಬೇಕು. ಈಗ ಮುಳ್ಳು ಕುಣಿದರೆ ಕೊಲೆಟ್ ಬದಲಿಸಿ ಮತ್ತೊಮ್ಮೆ. ಕುಣಿತ ನಿಂತರೆ ಹಳೆಯ ಕೊಲೆಟಿಗೆ ಗುಜರಿಯ ದಾರಿ; ಆಪರೇಟರನ ಸಂಬಳದಲ್ಲಿ ಮುರಿದುಕೊಂಡ ಕಟರಿನ ಹಣವೂ ಅವನಿಗೆ ವಾಪಸು ಹೋಗಬೇಕು.