ಕರೆಂಟ್ ಕಾರು ಸುರಪುರಕ್ಕೆ ಬಂದ್ರ: ಮೊದಲು ಕೊಂಡವರ ಅನುಭವ ಹ್ಯಾಂಗ ಓದಬೇಕು?

ನಾವು ಸುರಪುರ, ಶಹಾಪುರ ಕಡೆಯ ಹುಡುಗರು. ಎಂಜಿನಿಯರಿಂಗ್ ಎರಡನೇ ವರ್ಷ. ರಜೆಗೆ ಊರಿಗೆ ಹೋದಾಗ ಯಾರಾದರೂ ಒಬ್ಬರು ಕೇಳಿಯೇ ಕೇಳ್ತಾರ: "ತಮ್ಮಾ, ಈ ಕರೆಂಟ್ ಕಾರು ತಗೋಬೇಕೋ ಬ್ಯಾಡೋ? ನಡು ದಾರ್ಯಾಗ ಕೈ ಕೊಡ್ತದೇನು?"

ಇದು ಸಣ್ಣ ಪ್ರಶ್ನೆ ಅಲ್ಲ. ನಮ್ಮ ಕಡೆ ಕಾರು ಅಂದ್ರೆ ಸಾಲ. ಕೆಲವರಿಗೆ ಅದೇ ಬಾಡಿಗೆ ಗಾಡಿ, ಅದೇ ಹೊಟ್ಟೆಪಾಡು. ರಾತ್ರಿ ಯಾರಿಗಾದರೂ ಜಾಸ್ತಿ ಆದ್ರೆ ಕಲಬುರಗಿಗೆ ಕರಕೊಂಡು ಹೋಗೋದೂ ಅದೇ ಗಾಡಿಯಲ್ಲಿ. ಅದಕ್ಕೇ ನಾವು ಒಂದು ಕೆಲಸ ಮಾಡಿದೆವು. ಹೊಸ ಎಲೆಕ್ಟ್ರಿಕ್ ಕಾರುಗಳನ್ನು ಮೊಟ್ಟಮೊದಲು ಕೊಂಡವರಿಗೆ ಬೇರೆ ಬೇರೆ ಊರುಗಳಲ್ಲಿ ಏನೇನು ಅನುಭವ ಆಯಿತು ಅಂತ ಓದಿ ನೋಡಿದೆವು. ನಮಗೆ ತಿಳಿದದ್ದು ಇಷ್ಟು: ಒಬ್ಬ ಮಾಲೀಕರ ಅನುಭವವನ್ನು ಅವರ ಊರಿನ ಸಮೇತ ಓದಬೇಕು. ಊರು ಬಿಟ್ಟು ಓದಿದರೆ ಮೋಸ ಹೋಗ್ತೀವಿ. ಹೇಗೆ ಅಂತ ನೋಡೋಣ.

ಮೊದಲ ಪಾಠ ಬೆಂಗಳೂರಿನದು

ಎಲೆಕ್ಟ್ರಿಕ್ ಕಾರು ಈಗ ಬಂದದ್ದು ಅಂತ ಬಹಳ ಜನ ತಿಳಿದಿದ್ದಾರೆ. ಆದರೆ ನಮ್ಮ ಕರ್ನಾಟಕದಲ್ಲೇ 2001ರಲ್ಲಿ ರೇವಾ ಎಂಬ ಪುಟ್ಟ ಕಾರು ಮಾರಾಟಕ್ಕೆ ಬಂದಿತ್ತು. ಅದನ್ನು ಮಾಡಿದವರು ಬೆಂಗಳೂರಿನ ಚೇತನ್ ಮೈನಿ ಮತ್ತು ಅವರ ತಂಡ. ಮೈನಿಯವರು ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಓದುವಾಗ ವಿದ್ಯಾರ್ಥಿಗಳೇ ಕಟ್ಟಿದ ಸೋಲಾರ್ ಕಾರಿನ ತಂಡದಲ್ಲಿದ್ದರು. ಆ ಕಾರು 1990ರಲ್ಲಿ ಅಲ್ಲಿನ ದೊಡ್ಡ ರೇಸ್ ಗೆದ್ದಿತ್ತು. ನಮ್ಮ ವಯಸ್ಸಿನ ಹುಡುಗರ ಪ್ರಾಜೆಕ್ಟು ಮುಂದೆ ಎಲ್ಲಿಗೆ ಹೋಗಿ ಮುಟ್ಟಿತು ನೋಡ್ರಿ!

ರೇವಾದಲ್ಲಿ 6 ವೋಲ್ಟಿನ ಎಂಟು ಲೆಡ್-ಆಸಿಡ್ ಬ್ಯಾಟರಿ ಇದ್ದವು. ಇನ್ವರ್ಟರಿನಲ್ಲಿ ಇರ್ತಾವಲ್ಲ, ಅದೇ ಜಾತಿಯವು. ಎಂಟನ್ನೂ ಸೀರೀಸ್‌ನಲ್ಲಿ ಜೋಡಿಸಿದರೆ 48 ವೋಲ್ಟ್. ಒಂದೊಂದರ ಸಾಮರ್ಥ್ಯ 200 ಆಂಪಿಯರ್-ಅವರ್. ಗುಣಿಸಿದರೆ 9,600 ವ್ಯಾಟ್-ಅವರ್, ಅಂದರೆ ಮನೆ ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ 9.6 ಯೂನಿಟ್. ಕಂಪನಿ ಹೇಳಿದ ರೇಂಜು 80 ಕಿ.ಮೀ. ಒಂದು ಯೂನಿಟ್ಟಿಗೆ ಎಂಟು ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ ಬಿತ್ತು. ಆ ಕಾಲಕ್ಕೆ ಇದು ಕಡಿಮೆ ಏನಲ್ಲ.

ಕೊಂಡವರಿಗೆ ತೊಂದರೆ ಬಂದದ್ದು ಮೋಟಾರಿನಿಂದ ಅಷ್ಟಾಗಿ ಅಲ್ಲ, ಬ್ಯಾಟರಿಯಿಂದ. ಮೊದಲ ವರ್ಷ ಚೆನ್ನಾಗಿ ಓಡುತ್ತಿದ್ದ ಗಾಡಿಯ ರೇಂಜು ವರ್ಷ ಕಳೆದಂತೆ ಇಳಿಯುತ್ತಿತ್ತು. ಕೆಲವು ವರ್ಷಕ್ಕೆ ಬ್ಯಾಟರಿ ಪೂರ್ತಿ ಬದಲಿಸಬೇಕಾಗುತ್ತಿತ್ತು, ಅದು ದೊಡ್ಡ ಖರ್ಚು.

ಯಾಕೆ ಹೀಗಾಗ್ತದ? ಸೀರೀಸ್ ಜೋಡಣೆಯಲ್ಲಿ ಎಲ್ಲ ಬ್ಯಾಟರಿಗಳಲ್ಲೂ ಒಂದೇ ಕರೆಂಟ್ ಹರಿಯುತ್ತದೆ. ಜೋಡೆತ್ತಿನ ಬಂಡಿ ನೆನಪು ಮಾಡಿಕೊಳ್ರಿ. ಒಂದು ಎತ್ತು ಸೊರಗಿದರೆ ಇನ್ನೊಂದು ಎಷ್ಟೇ ಗಟ್ಟಿ ಇದ್ದರೂ ಬಂಡಿ ಸೊರಗಿದ ಎತ್ತಿನ ನಡಿಗೆಗೇ ನಡೀಬೇಕು. ಹಾಗೆಯೇ ಎಂಟರಲ್ಲಿ ಒಂದು ಬ್ಯಾಟರಿ ದುರ್ಬಲ ಆದರೂ ಅದು ಮೊದಲು ಖಾಲಿ ಆಗುತ್ತದೆ. ಉಳಿದ ಏಳರಲ್ಲಿ ಚಾರ್ಜ್ ಇದ್ದರೂ ಕಾರು ನಿಲ್ಲುತ್ತದೆ. ಹಟ ಮಾಡಿ ಓಡಿಸಿದರೆ ಆ ದುರ್ಬಲ ಬ್ಯಾಟರಿ ಇನ್ನಷ್ಟು ಹಾಳಾಗುತ್ತದೆ.

ಇನ್ನೊಂದು ಮಾತು. ಈ ಬ್ಯಾಟರಿಗಳಿಗೆ ಆಗಾಗ ಡಿಸ್ಟಿಲ್ಡ್ ವಾಟರ್ ಹಾಕಬೇಕು. ಚಾರ್ಜ್ ಆಗುವಾಗ ಒಳಗಿನ ನೀರು ಒಡೆದು ಹೈಡ್ರೋಜನ್, ಆಕ್ಸಿಜನ್ ಆಗಿ ಹೋಗುತ್ತಿರುತ್ತದೆ. ನೀರು ನೋಡಿಕೊಂಡವರ ಕಾರು ಬಾಳಿಕೆ ಬರ್ತದ, ಮರೆತವರದು ಬೇಗ ಸೊರಗ್ತದ. ಕಾರು ಒಂದೇ, ಕಂಪನಿ ಒಂದೇ, ಆದರೆ ಇಬ್ಬರು ಮಾಲೀಕರ ಅನುಭವ ಎರಡು ಥರ.

ಈಗ ಊರಿನ ವಿಷಯಕ್ಕೆ ಬರೋಣ. ಬೆಂಗಳೂರಿನ ಹವಾ ತಂಪು. ದಿನದ ಓಡಾಟ ಮನೆಯಿಂದ ಆಫೀಸಿಗೆ, ಆಫೀಸಿನಿಂದ ಮನೆಗೆ. ಕಾರು ಮಾಡಿದ ಕಂಪನಿಯೂ ಅದೇ ಊರಿನಲ್ಲಿ. ಕೆಟ್ಟರೆ ಮೆಕ್ಯಾನಿಕ್ ಬರಲು ಜಾಸ್ತಿ ಹೊತ್ತು ಬೇಡ. ಇದೇ ಕಾರು ಲಂಡನ್ನಿನಲ್ಲಿ ಜಿ-ವಿಜ್ ಎಂಬ ಹೆಸರಿನಲ್ಲಿ ಸಾವಿರಕ್ಕೂ ಹೆಚ್ಚು ಜನರ ಕೈ ಸೇರಿತು. ಅಲ್ಲಿ ಊರೊಳಗೆ ಬರುವ ಕಾರುಗಳಿಗೆ ಹಾಕುವ ಶುಲ್ಕ ಇದಕ್ಕೆ ಇರಲಿಲ್ಲ, ಹಾಗಾಗಿ ಸಣ್ಣ ಓಡಾಟಕ್ಕೆ ಜನ ಇಷ್ಟಪಟ್ಟರು. ಆದರೆ ಅಲ್ಲಿನ ಚಳಿಗೆ ರೇಂಜು ಇಳಿಯುತ್ತಿತ್ತು. ಅದೇ 2001ರಲ್ಲಿ ರೇವಾ ಸುರಪುರಕ್ಕೆ ಬಂದಿದ್ದರೆ? ಯಾದಗಿರಿ ಸುಮಾರು 50 ಕಿ.ಮೀ. ದೂರ. ಹೋಗಬಹುದಿತ್ತು, ಅಲ್ಲಿ ತಾಸುಗಟ್ಟಲೆ ಚಾರ್ಜಿಗೆ ಹಾಕದೆ ವಾಪಸ್ ಬರಲು ಆಗುತ್ತಿರಲಿಲ್ಲ. ಅಲ್ಲಿ ಮೆಚ್ಚಿದ ಕಾರು ಇಲ್ಲಿ ಕೈ ಕೊಡ್ತಿತ್ತು. ಕಾರು ಮಾತ್ರ ಅದೇ.

ರೇವಾದ ಕಥೆ ಅಲ್ಲಿಗೆ ನಿಲ್ಲಲಿಲ್ಲ. 2009ರಲ್ಲಿ ಲಿಥಿಯಂ ಬ್ಯಾಟರಿಯ ರೇವಾ ಬಂತು. 2010ರಲ್ಲಿ ಮಹೀಂದ್ರಾ ಆ ಕಂಪನಿಯನ್ನು ಕೈಗೆ ತೆಗೆದುಕೊಂಡಿತು, 2013ರಲ್ಲಿ ಇ2ಒ ಎಂಬ ಕಾರು ಬಿಟ್ಟಿತು. ಅದರಲ್ಲಿ ಒಂದು ಜಾಣತನ ಇತ್ತು. ಚಾರ್ಜ್ ಮುಗಿದರೆ, ಒಳಗೆ ಕೂಡಿಟ್ಟಿದ್ದ ಸ್ವಲ್ಪ ಚಾರ್ಜನ್ನು ದೂರದಿಂದಲೇ ಬಿಡಿಸಿಕೊಳ್ಳಬಹುದಿತ್ತು. ನಡು ದಾರಿಯಲ್ಲಿ ನಿಂತೇವು ಎಂಬ ಮೊದಲ ಮಾಲೀಕರ ಭಯಕ್ಕೆ ಎಂಜಿನಿಯರುಗಳು ಕೊಟ್ಟ ಉತ್ತರ ಅದು. ಆದರೆ ಅದಕ್ಕೂ ಮೊಬೈಲ್ ನೆಟ್‌ವರ್ಕ್ ಬೇಕಲ್ಲ!

ಎರಡನೇ ಪಾಠ ಬಿಸಿಲಿನದು

ಲಿಥಿಯಂ ಬಂದ ಮೇಲೆ ಎಲ್ಲ ಸರಿ ಹೋಯಿತಾ? ಇಲ್ಲ. ಇದಕ್ಕೆ ಅಮೆರಿಕದ ಫೀನಿಕ್ಸ್ ಎಂಬ ಊರಿನ ಕಥೆ ಕೇಳ್ರಿ. ಅದು ಮರಳುಗಾಡಿನ ಊರು, ಬೇಸಿಗೆಯಲ್ಲಿ ನಮ್ಮ ಕಡೆಯ ಹಾಗೆಯೇ 40 ಡಿಗ್ರಿ ದಾಟುತ್ತದೆ. 2010ರ ಕೊನೆಯಲ್ಲಿ ನಿಸ್ಸಾನ್ ಲೀಫ್ ಎಂಬ ಕಾರು ಅಮೆರಿಕದಲ್ಲಿ ಬಂತು. ಅದರ ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿಯ ಆರೋಗ್ಯ ತೋರಿಸುವ 12 ಗೆರೆಗಳು ಇದ್ದವು. 2012ರ ಹೊತ್ತಿಗೆ ಫೀನಿಕ್ಸಿನ ಮಾಲೀಕರ ಕಾರುಗಳಲ್ಲಿ ಗೆರೆಗಳು ಒಂದೊಂದಾಗಿ ಮಾಯ ಆಗತೊಡಗಿದವು. ತಂಪು ಊರುಗಳಲ್ಲಿ ಅದೇ ಕಾರು ಅಷ್ಟು ಬೇಗ ಸೊರಗಲಿಲ್ಲ.

ಕಾರಣ ಸರಳ. ಲೀಫ್‌ನ ಬ್ಯಾಟರಿಯನ್ನು ತಂಪು ಮಾಡಲು ನೀರಿನ ಪೈಪಿನ ವ್ಯವಸ್ಥೆ ಇರಲಿಲ್ಲ. ಬಿಸಿ ಹೆಚ್ಚಾದಷ್ಟೂ ಬ್ಯಾಟರಿಯೊಳಗೆ ನಡೆಯಬಾರದ ರಾಸಾಯನಿಕ ಕ್ರಿಯೆಗಳು ಜೋರಾಗುತ್ತವೆ, ಚಾರ್ಜ್ ಹೊರಬೇಕಾದ ಲಿಥಿಯಂ ಒಳಗೇ ಸಿಕ್ಕಿಬೀಳುತ್ತದೆ. ಮಾಲೀಕರು ಸುಮ್ಮನೆ ಕೂಡಲಿಲ್ಲ, ಲೆಕ್ಕ ಬರೆದಿಟ್ಟರು, ಒಟ್ಟಾಗಿ ಕೇಳಿದರು. ಕೊನೆಗೆ ಕಂಪನಿ ಐದು ವರ್ಷ ಅಥವಾ 60,000 ಮೈಲಿಯ ಒಳಗೆ (ಸುಮಾರು 96,000 ಕಿ.ಮೀ.) ಗೆರೆಗಳು ಒಂಬತ್ತಕ್ಕಿಂತ ಕೆಳಗೆ ಇಳಿದರೆ ಸರಿಮಾಡಿ ಕೊಡುವುದಾಗಿ ವಾರಂಟಿ ಹೆಚ್ಚಿಸಿತು. ಇವತ್ತು ಅನೇಕ ಕಂಪನಿಗಳು ಬ್ಯಾಟರಿ ಇಷ್ಟು ಪ್ರತಿಶತಕ್ಕಿಂತ ಕೆಳಗೆ ಹೋದರೆ ನಮ್ಮ ಜವಾಬ್ದಾರಿ ಅಂತ ಬರೆದು ಕೊಡ್ತಾವಲ್ಲ, ಅದರ ಹಿಂದೆ ಇಂಥ ಮೊದಲ ಮಾಲೀಕರ ಶ್ರಮ ಇದೆ.

ನಮ್ಮ ಮಂದಿ ಕೇಳಬೇಕಾದ ಮೊದಲ ಪ್ರಶ್ನೆ ಇಲ್ಲೇ ಸಿಗ್ತದ: ಈ ಕಾರಿನ ಬ್ಯಾಟರಿ ಗಾಳಿಯಿಂದ ತಂಪಾಗ್ತದೋ, ಒಳಗೆ ದ್ರವ ಹರಿದು ತಂಪಾಗ್ತದೋ? ಯಾದಗಿರಿ ಜಿಲ್ಲೆಯ ಬೇಸಿಗೆಗೆ ಎರಡನೆಯದೇ ಲೇಸು.

ಮೂರನೇ ಪಾಠ ಕಿಲೋಮೀಟರಿನದು

2020ರ ಜನವರಿಯಲ್ಲಿ ಟಾಟಾ ನೆಕ್ಸಾನ್ ಇವಿ ಬಂತು. 30.2 ಯೂನಿಟ್ ಹಿಡಿಯುವ, ದ್ರವದಿಂದ ತಂಪಾಗುವ ಬ್ಯಾಟರಿ, ಅದಕ್ಕೆ ಎಂಟು ವರ್ಷ ಅಥವಾ 1.6 ಲಕ್ಷ ಕಿ.ಮೀ. ವಾರಂಟಿ. ಪ್ರಮಾಣಪತ್ರದ ರೇಂಜು 312 ಕಿ.ಮೀ. ಆದರೆ ಓಡಿಸಿದವರು ಹೆಚ್ಚಾಗಿ ಹೇಳಿದ್ದು 200ರ ಆಸುಪಾಸು. ದೆಹಲಿಯಲ್ಲಿ ಒಬ್ಬ ಮಾಲೀಕರು ಅಷ್ಟೂ ಬರ್ತಿಲ್ಲ ಅಂತ ದೂರು ಕೊಟ್ಟರು. 2021ರ ಮಾರ್ಚಿನಲ್ಲಿ ದೆಹಲಿ ಸರ್ಕಾರ ಈ ಕಾರಿನ ಸಬ್ಸಿಡಿ ತಡೆಹಿಡಿಯಿತು, ಕಂಪನಿ ಕೋರ್ಟಿಗೆ ಹೋಯಿತು, ಹೈಕೋರ್ಟು ಆ ಆದೇಶಕ್ಕೆ ತಡೆ ಕೊಟ್ಟಿತು.

ಇದರಲ್ಲಿ ಸುಳ್ಳು ಹೇಳಿದವರು ಯಾರು? ಯಾರೂ ಅಲ್ಲ ಅನಿಸ್ತದ. ಪ್ರಮಾಣಪತ್ರದ ಪರೀಕ್ಷೆ ನಡೆಯುವುದು ಲ್ಯಾಬಿನೊಳಗೆ, ರೋಲರ್ ಮೇಲೆ, ಕಡಿಮೆ ಸರಾಸರಿ ವೇಗದಲ್ಲಿ. ರಸ್ತೆ ಮೇಲೆ ವೇಗ ಹೆಚ್ಚಿದಂತೆ ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು. ಮೇಲೆ ಎಸಿ ಬೇರೆ.

ಇದನ್ನು ನಮ್ಮೂರಿಗೆ ಹಚ್ಚಿ ನೋಡೋಣ. ಸುರಪುರದಿಂದ ಕಲಬುರಗಿ ನೂರು ಕಿ.ಮೀ. ದಾಟ್ತದ, ಹೋಗಿ ಬಂದರೆ 200ಕ್ಕಿಂತ ಜಾಸ್ತಿ. ಕಾಗದದ 312 ನಂಬಿ ಹೊರಟವರಿಗೆ ಆರಾಮ ಅನಿಸ್ತದ. ಮಾಲೀಕರ 200 ನಂಬಿದವರು ಕಲಬುರಗಿಯಲ್ಲಿ ಚಾರ್ಜ್ ಮಾಡಿಕೊಂಡೇ ಹಿಂದಿರುಗ್ತಾರ. ರಾತ್ರಿ ಪೇಷಂಟ್ ಕೂರಿಸಿಕೊಂಡು ಹೋಗುವಾಗ ಯಾವ ಲೆಕ್ಕ ಬೇಕು ಅಂತ ನೀವೇ ಹೇಳ್ರಿ.

ನಮ್ಮೂರು ಗುಡ್ಡದ ಊರಲ್ಲವಾ, ಏರು ಹತ್ತಿದರೆ ಬ್ಯಾಟರಿ ಖಾಲಿ ಅಲ್ಲವಾ ಅಂತಲೂ ಕೇಳ್ತಾರ. ಪಿಯುಸಿಯ ಸೂತ್ರ ಸಾಕು. ಕಾರಿನ ತೂಕ 1,400 ಕೆಜಿ, ಏರು 100 ಮೀಟರ್ ಅಂತ ಇಟ್ಟುಕೊಳ್ರಿ. 1,400 × 9.8 × 100 ಅಂದರೆ ಸುಮಾರು 13.7 ಲಕ್ಷ ಜೌಲ್, ಅಂದರೆ 0.38 ಯೂನಿಟ್. ಮೋಟಾರಿನ ನಷ್ಟ ಸೇರಿಸಿದರೂ ಅರ್ಧ ಯೂನಿಟ್ಟಿನ ಆಸುಪಾಸು. ಇಳಿಯುವಾಗ ಮೋಟಾರೇ ಜನರೇಟರ್ ಆಗಿ ಸ್ವಲ್ಪ ವಾಪಸ್ ಕೊಡ್ತದ. ಗುಡ್ಡಕ್ಕೆ ಹೆದರಬೇಕಿಲ್ಲ, ಹೆದ್ದಾರಿಯ ವೇಗಕ್ಕೆ ಹೆದರಬೇಕು.

ನಾಲ್ಕನೇ ಪಾಠ ಸಣ್ಣ ವಸ್ತುಗಳದು

ದೊಡ್ಡ ಬ್ಯಾಟರಿ ಬಗ್ಗೆ ಎಲ್ಲರೂ ಮಾತಾಡ್ತಾರ. ಆದರೆ ಕಾರನ್ನು ನಿಲ್ಲಿಸುವುದು ಬಹಳ ಸಲ ಸಣ್ಣ ವಸ್ತು. ಎಲೆಕ್ಟ್ರಿಕ್ ಕಾರಿನಲ್ಲೂ 12 ವೋಲ್ಟಿನ ಒಂದು ಚಿಕ್ಕ ಬ್ಯಾಟರಿ ಇರ್ತದ. ಬಾಗಿಲ ಲಾಕು, ಕಂಪ್ಯೂಟರು, ದೊಡ್ಡ ಬ್ಯಾಟರಿಯನ್ನು ಮೋಟಾರಿಗೆ ಜೋಡಿಸುವ ಸ್ವಿಚ್ಚು ಎಲ್ಲವೂ ನಡೆಯುವುದು ಅದರಿಂದ. ಅದು ಸತ್ತರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಏಳುವುದಿಲ್ಲ. 2024ರಲ್ಲಿ ಹ್ಯುಂಡೈ ಭಾರತದಲ್ಲಿ 1,744 ಐಯಾನಿಕ್ 5 ಕಾರುಗಳನ್ನು ವಾಪಸ್ ಕರೆಸಿ ಪರೀಕ್ಷಿಸಿದ್ದು ಇಂಥದ್ದೇ ಕಾರಣಕ್ಕೆ: ಈ ಚಿಕ್ಕ ಬ್ಯಾಟರಿಯನ್ನು ಚಾರ್ಜ್ ಮಾಡುವ ಭಾಗದಲ್ಲಿ ದೋಷ ಬರುವ ಸಾಧ್ಯತೆ. ಮೊದಲು ಕೊಂಡವರ ಕಾರುಗಳಲ್ಲಿ ಕಂಡ ತಪ್ಪು ನಂತರದವರಿಗೆ ಸರಿಯಾಗಿ ಸಿಗ್ತದ.

ಇನ್ನೊಂದು ಸಣ್ಣ ವಸ್ತು ನಮ್ಮ ಮನೆ ಗೋಡೆ ಮೇಲಿದೆ. ಅದು ಪ್ಲಗ್ ಪಾಯಿಂಟು. 15 ಆಂಪಿಯರಿನ ಪಾಯಿಂಟಿನಿಂದ ತಾಸಿಗೆ ಸುಮಾರು 3.3 ಯೂನಿಟ್ ಸಿಗ್ತದ. 30 ಯೂನಿಟ್ ತುಂಬಲು ಒಂದು ರಾತ್ರಿ ಬೇಕು. ಅಷ್ಟು ಹೊತ್ತು ಪೂರ್ತಿ ಕರೆಂಟ್ ಎಳೆಯುವ ಬೇರೆ ವಸ್ತು ಹಳೇ ಮನೆಗಳಲ್ಲಿ ಇರುವುದೇ ಇಲ್ಲ. ವಯರು ತೆಳು ಇದ್ದರೆ ಬಿಸಿ ಆಗ್ತದ. ಅರ್ಥಿಂಗ್ ಸರಿ ಇಲ್ಲದಿದ್ದರೆ ಚಾರ್ಜರು ಕೆಂಪು ದೀಪ ತೋರಿಸಿ ಸುಮ್ಮನಾಗ್ತದ. ವೋಲ್ಟೇಜ್ ಬಹಳ ಇಳಿದರೂ ಅಷ್ಟೇ. ಜನ "ಕಾರು ಕೆಟ್ಟಿತು" ಅಂತಾರ, ಆದರೆ ಕೆಟ್ಟದ್ದು ಮನೆ ವಯರಿಂಗು.

ಕೊಳ್ಳುವ ಮೊದಲು ಕೇಳಬೇಕಾದ್ದು

ಶೋರೂಮಿನಲ್ಲಿ ಬಣ್ಣ, ಪರದೆ ನೋಡುವುದಕ್ಕೆ ಮೊದಲು ಇಷ್ಟು ಕೇಳ್ರಿ.

ಒಂದು, ಬ್ಯಾಟರಿ ತಂಪು ಮಾಡುವ ವ್ಯವಸ್ಥೆ ಯಾವುದು? ಎರಡು, ಬ್ಯಾಟರಿ ವಾರಂಟಿಯಲ್ಲಿ ಸಾಮರ್ಥ್ಯ ಎಷ್ಟಕ್ಕೆ ಇಳಿದರೆ ಬದಲಿಸಿ ಕೊಡ್ತೀರಿ, ಬಾಡಿಗೆಗೆ ಓಡಿಸಿದರೂ ಅದೇ ನಿಯಮವಾ? ಮೂರು, ಬ್ಯಾಟರಿ ಬಿಚ್ಚಿ ರಿಪೇರಿ ಮಾಡುವ ವರ್ಕ್‌ಶಾಪು ಎಷ್ಟು ದೂರ? ಎಣ್ಣೆ ಗಾಡಿಯನ್ನು ಊರಿನ ಮೇಸ್ತ್ರಿ ನೋಡ್ತಾನ, ನೂರಾರು ವೋಲ್ಟಿನ ಬ್ಯಾಟರಿಯನ್ನು ಅವನು ಮುಟ್ಟಬಾರದು. ನಾಲ್ಕು, ದಾರಿಯಲ್ಲಿ ನಿಂತರೆ ಎತ್ತಿಕೊಂಡು ಹೋಗುವ ಗಾಡಿ ನಮ್ಮ ತಾಲ್ಲೂಕಿಗೆ ಬರ್ತದೋ, ಎಷ್ಟು ತಾಸಿಗೆ? ಐದು, ಮನೆ ಅರ್ಥಿಂಗನ್ನು ಎಲೆಕ್ಟ್ರಿಷಿಯನ್ ಮೀಟರ್ ಹಚ್ಚಿ ನೋಡಿದ್ದಾನಾ?

ನಮ್ಮ ಲೆಕ್ಕದಲ್ಲಿ, ದಿನಕ್ಕೆ 60–70 ಕಿ.ಮೀ. ಒಳಗೆ ಓಡಾಡಿ, ರಾತ್ರಿ ಮನೆಯಲ್ಲಿ ಚಾರ್ಜ್ ಮಾಡುವವರಿಗೆ ಈಗಿನ ಕಾರುಗಳು ಸಾಕಷ್ಟು ನಂಬಿಗಸ್ತ. ಶಹಾಪುರಕ್ಕೆ ದಿನಾ ಹೋಗಿ ಬರುವ ಮೇಷ್ಟ್ರು ಧೈರ್ಯವಾಗಿ ಯೋಚಿಸಬಹುದು. ಆದರೆ ಮನೆಯಲ್ಲಿ ಒಂದೇ ಗಾಡಿ, ದೂರದ ಬಾಡಿಗೆಯೇ ದುಡಿಮೆ ಅನ್ನುವವರು ವರ್ಕ್‌ಶಾಪು, ಚಾರ್ಜರು ಹತ್ತಿರ ಬರುವ ತನಕ ತಡೆಯುವುದು ಒಳ್ಳೇದು.

ಇನ್ನು ಕೊಂಡವರಿಗೆ ಒಂದು ವಿನಂತಿ. ಗಾಡಿಯಲ್ಲಿ ಒಂದು ನೋಟ್‌ಬುಕ್ ಇಡ್ರಿ. ದಿನಾಂಕ, ಬಿಸಿಲು, ಓಡಿದ ಕಿ.ಮೀ., ಹಿಡಿದ ಯೂನಿಟ್, ನಿಂತರೆ ಯಾಕೆ ನಿಂತಿತು, ಇಷ್ಟು ಬರೀರಿ ಸಾಕು. ಫೀನಿಕ್ಸಿನವರು ಗೆರೆ ಎಣಿಸಿ ಬರೆದಿಟ್ಟದ್ದರಿಂದಲೇ ವಾರಂಟಿ ಬದಲಾಯಿತು. ಬೆಂಗಳೂರಿನವರ ಲೆಕ್ಕ ಬೆಂಗಳೂರಿಗೆ, ದೆಹಲಿಯವರದು ದೆಹಲಿಗೆ. ಕೃಷ್ಣಾ ತೀರದ ಮೇ ತಿಂಗಳಲ್ಲಿ ಬ್ಯಾಟರಿ ಹ್ಯಾಂಗ ಬಾಳ್ತದ ಅಂತ ನಮ್ಮ ಕಡೆಯವರೇ ಬರೆಯಬೇಕು.