ಉಬ್ಬಸದ ಮಾತ್ರೆ, ಅರ್ಬುದದ ಔಷಧಿ: ಎರಡೂ ಕೂಡುವಾಗ ಎಚ್ಚರ



ಅಮೋನಿಯಂ ಸಲ್ಫೇಟ್ ಗೊಬ್ಬರಕ್ಕೆ ಸುಣ್ಣ ಬೆರೆಸಿ ಹೊಲಕ್ಕೆ ಹಾಕಕೂಡದೆಂಬುದು ನಿಮಗೆ ಗೊತ್ತು. ಗೊಬ್ಬರವೂ ಒಳ್ಳೆಯದೇ, ಸುಣ್ಣವೂ ಒಳ್ಳೆಯದೇ. ಆದರೆ ಎರಡನ್ನೂ ಕೂಡಿಸಿದರೆ ಮೂಗಿಗೆ ಘಾಟು ಹೊಡೆದು, ಪೈರಿಗೆ ಸೇರಬೇಕಾದ ಸಾರ ಗಾಳಿಗೆ ಹೋಗುತ್ತದೆ. ಔಷಧಿಗಳ ವಿಷಯವೂ ಹೀಗೆಯೇ. ಬೇರೆ ಬೇರೆ ರೋಗಕ್ಕೆ ಕೊಟ್ಟ ಎರಡು ಒಳ್ಳೆಯ ಔಷಧಿಗಳು ಒಂದೇ ದೇಹದಲ್ಲಿ ಸೇರಿದಾಗ, ಕೆಲವು ವೇಳೆ ಒಂದು ಇನ್ನೊಂದರ ಕೆಲಸವನ್ನು ಕೆಡಿಸುತ್ತದೆ, ಇಲ್ಲವೇ ಮಿತಿಮೀರಿಸುತ್ತದೆ.

ಇದನ್ನು ಬರೆಯಲು ಕಾರಣವುಂಟು. ಮಾಡದಕೆರೆ ಕಡೆ ರಾಗಿ, ಸಾವೆ ಒಕ್ಕುವ ಕಾಲದಲ್ಲಿ ಕಣದ ಧೂಳಿನಿಂದ ಉಬ್ಬಸ ಕೆರಳುವವರಿದ್ದಾರೆ. ಅಂಥವರಿಗೆ ಅರ್ಬುದ, ಅಂದರೆ ಕ್ಯಾನ್ಸರ್, ಕಾಣಿಸಿಕೊಂಡರೆ ೧೯೭೩ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೋ ಬೇರೆ ದೊಡ್ಡ ಆಸ್ಪತ್ರೆಗೋ ಹೋಗಬೇಕಾಗುತ್ತದೆ. ಉಬ್ಬಸದ ಮಾತ್ರೆಯಾದರೋ ಹಳೆಯ ಚೀಟಿಯ ಮೇಲೆ ಹತ್ತಿರದ ಔಷಧಿ ಅಂಗಡಿಯಿಂದಲೇ ಬರುತ್ತಿರುತ್ತದೆ. ರೋಗಿಯು ಬಾಯಿಬಿಟ್ಟು ಹೇಳದಿದ್ದರೆ ಇಲ್ಲಿನ ವೈದ್ಯರಿಗೆ ಅಲ್ಲಿನದು ತಿಳಿಯದು, ಅಲ್ಲಿನವರಿಗೆ ಇಲ್ಲಿನದು ತಿಳಿಯದು.

ಎರಡು ಔಷಧಿಗಳ ಪರಿಚಯ

ಉಬ್ಬಸಕ್ಕೆ ಕೊಡುವ ಹಳೆಯ ಔಷಧಿಗಳಲ್ಲಿ ಥಿಯೋಫಿಲಿನ್ ಒಂದು. ೧೮೮೮ರಲ್ಲಿ ಜರ್ಮನಿಯ ವಿಜ್ಞಾನಿ ಕೊಸೆಲ್ ಇದನ್ನು ಚಹದ ಎಲೆಯಲ್ಲಿ ಕಂಡುಹಿಡಿದನು. ನಮ್ಮಲ್ಲಿ ಬಹಳ ಮಂದಿಗೆ ಗೊತ್ತಿರುವ ಡೆರಿಫಿಲಿನ್ ಮಾತ್ರೆಯಲ್ಲಿ ಇದು ಸೇರಿದೆ. ಇದು ಶ್ವಾಸನಾಳವನ್ನು ಸಡಿಲಿಸುತ್ತದೆ. ಆದರೆ ಗುಣ ಕೊಡುವ ಪ್ರಮಾಣಕ್ಕೂ ಕೇಡು ಮಾಡುವ ಪ್ರಮಾಣಕ್ಕೂ ಅಂತರ ಬಹಳ ಕಡಿಮೆ.

ಅರ್ಬುದಕ್ಕೆ ಕೊಡುವ ಔಷಧಿಗಳಲ್ಲಿ ಮೆಥೊಟ್ರೆಕ್ಸೇಟ್ ಒಂದು. ನೆರೆಯ ಆಂಧ್ರದ ಭೀಮವರಂನಲ್ಲಿ ೧೮೯೫ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರು ಅಮೆರಿಕದಲ್ಲಿ ಮಾಡಿದ ಸಂಶೋಧನೆಯಿಂದ ಈ ಜಾತಿಯ ಔಷಧಿಗಳು ಬಂದವು. ಇದನ್ನು ಕೀಲುವಾತಕ್ಕೂ ಸಣ್ಣ ಪ್ರಮಾಣದಲ್ಲಿ, ವಾರಕ್ಕೆ ಒಂದೇ ದಿನ, ಕೊಡುವುದುಂಟು. ವಾರದ ಮಾತ್ರೆಯನ್ನು ತಪ್ಪಿ ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ.

ಕೂಡಿದಾಗ ಆಗುವುದೇನು?

ಥಿಯೋಫಿಲಿನ್ನನ್ನು ದೇಹದಿಂದ ಕಳೆಯುವ ಕೆಲಸ ಹೆಚ್ಚಾಗಿ ಪಿತ್ತಜನಕಾಂಗದ್ದು. ಮೆಥೊಟ್ರೆಕ್ಸೇಟ್ ಈ ಕೆಲಸವನ್ನು ನಿಧಾನಗೊಳಿಸಬಹುದು. ಕೆರೆಯ ತೂಬನ್ನು ಅರ್ಧ ಮುಚ್ಚಿದರೆ, ಒಳಬರುವ ನೀರು ಮೊದಲಿನಷ್ಟೇ ಇದ್ದರೂ ಕೆರೆಯ ಮಟ್ಟ ಏರುತ್ತದಲ್ಲವೇ? ಹಾಗೆಯೇ ಮಾತ್ರೆ ಎಂದಿನಷ್ಟೇ ನುಂಗಿದರೂ ರಕ್ತದಲ್ಲಿ ಥಿಯೋಫಿಲಿನ್ ಹೆಚ್ಚುತ್ತದೆ. ಆಗ ಓಕರಿಕೆ, ವಾಂತಿ, ಕೈ ನಡುಕ, ನಿದ್ರೆ ಬಾರದಿರುವುದು, ಎದೆ ಡವಗುಟ್ಟುವುದು ಕಾಣುತ್ತವೆ. ಇನ್ನೂ ಹೆಚ್ಚಾದರೆ ಹೃದಯದ ಬಡಿತ ತಾಳತಪ್ಪುತ್ತದೆ, ಸೆಳವು ಬರುತ್ತದೆ.

ಮೋಸಹೋಗುವುದು ಇಲ್ಲಿಯೇ. ಅರ್ಬುದದ ಔಷಧಿಯಿಂದಲೂ ವಾಂತಿ ಬರುವುದುಂಟು. "ಇದು ಆ ಔಷಧಿಯ ಗುಣ, ಬಂದೇ ಬರುತ್ತದೆ" ಎಂದು ಮನೆಯವರು ಸುಮ್ಮನಿರುತ್ತಾರೆ. ವಾಂತಿಯ ಜೊತೆಗೆ ನಡುಕವೂ ಎದೆ ಬಡಿತವೂ ಇದ್ದರೆ ಸುಮ್ಮನಿರಕೂಡದು, ಆಗಲೇ ವೈದ್ಯರಿಗೆ ತಿಳಿಸಬೇಕು. ರಕ್ತ ಪರೀಕ್ಷೆಯಿಂದ ಪ್ರಮಾಣ ತಿಳಿದು ಮಾತ್ರೆಯನ್ನು ಕಡಿಮೆ ಮಾಡಬಹುದು, ಇಲ್ಲವೇ ಬದಲಾಯಿಸಬಹುದು.

ತೂಬು ಮುಚ್ಚುವ ಬೇರೆ ಕಾರಣಗಳೂ ಇವೆ. ಸೋಂಕಿಗೆ ಕೊಡುವ ಸಿಪ್ರೊಫ್ಲಾಕ್ಸಸಿನ್, ಎರಿತ್ರೊಮೈಸಿನ್ ಔಷಧಿಗಳೂ ಥಿಯೋಫಿಲಿನ್ನನ್ನು ಏರಿಸುತ್ತವೆ. ಬೀಡಿ ಸೇದುವವರಲ್ಲಿ ಇದು ಬೇಗ ಕಳೆಯುತ್ತದೆ. ರೋಗ ತಿಳಿದೊಡನೆ ಬೀಡಿ ಬಿಟ್ಟರೆ, ಹಳೆಯ ಪ್ರಮಾಣವೇ ಹೆಚ್ಚಾಗುತ್ತದೆ. ಬೀಡಿಯನ್ನು ಬಿಡಲೇಬೇಕು, ಬಿಟ್ಟ ಸಂಗತಿಯನ್ನು ವೈದ್ಯರಿಗೆ ಹೇಳಲೂಬೇಕು.

ಗಮನಿಸಬೇಕಾದ ಇತರ ಸಂಗತಿಗಳು

೧. ನೋವಿನ ಮಾತ್ರೆ: ಆಸ್ಪಿರಿನ್, ಐಬುಪ್ರೊಫೇನ್, ಡೈಕ್ಲೊಫೆನಾಕ್ ಮುಂತಾದವು ಮೆಥೊಟ್ರೆಕ್ಸೇಟ್ ಮೂತ್ರದಲ್ಲಿ ಹೊರಹೋಗುವುದನ್ನು ತಡೆದು ವಿಷವಾಗಿಸಬಹುದು. ಉಬ್ಬಸದವರಲ್ಲಿ ಕೆಲವರಿಗೆ ಇದೇ ಮಾತ್ರೆಗಳಿಂದ ಉಸಿರು ಕಟ್ಟುತ್ತದೆ. ವೈದ್ಯರನ್ನು ಕೇಳದೆ ಅಂಗಡಿಯಿಂದ ತಂದು ನುಂಗಬೇಡಿರಿ.

೨. ಸ್ಟೆರಾಯ್ಡ್ ಮಾತ್ರೆ: ಉಬ್ಬಸ ಹೆಚ್ಚಾದಾಗ ಕೊಡುವ ಪ್ರೆಡ್ನಿಸೊಲೋನ್ ಜ್ವರವನ್ನು ಮರೆಮಾಚಬಲ್ಲುದು. ಅರ್ಬುದದ ಔಷಧಿಯಿಂದ ರಕ್ತದ ಬಿಳಿಕಣಗಳು ಇಳಿದಿರುವಾಗ ಜ್ವರವೇ ಮೊದಲ ಎಚ್ಚರಿಕೆ. ಮೈಬಿಸಿ ೧೦೦.೪ ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಜ್ವರವಿಲ್ಲದೆ ಚಳಿ, ನಡುಕ, ವಿಪರೀತ ಸುಸ್ತು ಬಂದರೂ ಹಾಗೆಯೇ.

೩. ಹೊಸ ಕೆಮ್ಮು: ಮೆಥೊಟ್ರೆಕ್ಸೇಟಿನಿಂದ ಕೆಲವರಿಗೆ ಶ್ವಾಸಕೋಶಕ್ಕೇ ತೊಂದರೆಯಾಗಿ ಒಣಕೆಮ್ಮು, ಏದುಸಿರು ಬರುತ್ತದೆ. ಅದನ್ನು ಹಳೆಯ ಉಬ್ಬಸವೆಂದು ತಿಳಿದು ಮಾತ್ರೆ ಹೆಚ್ಚಿಸಿಕೊಳ್ಳಕೂಡದು.

ಇಷ್ಟನ್ನು ಓದಿ ಹೆದರಿ ಯಾರೂ ಔಷಧಿ ನಿಲ್ಲಿಸಬೇಡಿರಿ. ಉಬ್ಬಸ ಕೆರಳಿದರೂ ಪ್ರಾಣಕ್ಕೆ ಅಪಾಯ, ಅರ್ಬುದದ ಚಿಕಿತ್ಸೆ ನಡುವೆ ತಪ್ಪಿದರೂ ಅಪಾಯ. ಬಹುದಿನ ನುಂಗಿದ ಸ್ಟೆರಾಯ್ಡನ್ನು ಥಟ್ಟನೆ ಬಿಡುವುದೂ ಅಪಾಯ. ಬಾಯಿಂದ ಎಳೆದುಕೊಳ್ಳುವ ಪಂಪಿನ ಔಷಧಿ ಬಹುಮಟ್ಟಿಗೆ ನೇರವಾಗಿ ಶ್ವಾಸನಾಳಕ್ಕೆ ಹೋಗುವುದರಿಂದ ಇಂಥ ತೊಡಕು ಅದರಲ್ಲಿ ಕಡಿಮೆ. ಸ್ಟೆರಾಯ್ಡ್ ಪಂಪು ಎಳೆದ ಮೇಲೆ ನೀರಿನಿಂದ ಬಾಯಿ ಮುಕ್ಕಳಿಸಿರಿ. ಇಲ್ಲವಾದರೆ ಬಾಯಿಯಲ್ಲಿ ಬಿಳಿ ಹುಣ್ಣು ಆದೀತು.

ಮಾಡಬೇಕಾದ ಕೆಲಸ ಸುಲಭ. ಒಂದು ಬಟ್ಟೆ ಚೀಲದಲ್ಲಿ ಮನೆಯಲ್ಲಿರುವ ಎಲ್ಲ ಔಷಧಿಗಳನ್ನೂ ಹಾಕಿಡಿರಿ: ಮಾತ್ರೆಯ ಪಟ್ಟಿ, ಪಂಪು, ಹಳೆಯ ಚೀಟಿ, ನಾಟಿ ಪುಡಿ, ಕಷಾಯದ ಪೊಟ್ಟಣ, ಒಂದೂ ಬಿಡದೆ. ಯಾವ ಆಸ್ಪತ್ರೆಗೆ ಹೋದರೂ ಆ ಚೀಲವನ್ನು ವೈದ್ಯರ ಮೇಜಿನ ಮೇಲೆ ಸುರಿಯಿರಿ. ಓದು ಬಾರದವರು ಆಶಾ ಕಾರ್ಯಕರ್ತೆಯಿಂದಲೋ ಶಾಲೆಗೆ ಹೋಗುವ ಮಕ್ಕಳಿಂದಲೋ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆಸಿಕೊಳ್ಳಲಿ.

ಬಿತ್ತನೆಗೆ ಮುಂಚೆ ಬೀಜವನ್ನು ಪರೀಕ್ಷಿಸುವ ನಾವು, ದೇಹಕ್ಕೆ ಹಾಕುವ ಔಷಧಿಯನ್ನು ಪರೀಕ್ಷಿಸದೆ ಇರುವುದು ತರವಲ್ಲ. ನಿಮ್ಮ ಕೇರಿಯಲ್ಲಿ ಈ ಎರಡು ರೋಗಗಳಿಗೂ ಔಷಧಿ ತೆಗೆದುಕೊಳ್ಳುವವರಿದ್ದರೆ, ಈ ಲೇಖನವನ್ನು ಅವರ ಮನೆಯಲ್ಲಿ ಓದಿ ಹೇಳಿರಿ.